ಎಲ್‌ವ್ಯಾಡ್ ಇರೋರಿಗೆ ಸ್ನಾನ: ಒರೆಸೋದಾ, ಅರ್ಧ ಸ್ನಾನನಾ, ಬಕೆಟ್ಟಾ, ಶವರಾ?

ಐಸಿಯುನಿಂದ ವಾರ್ಡಿಗೆ ಬಂದ ಎರಡನೇ ದಿನ ನಮ್ಮಪ್ಪ ಸಿಸ್ಟರ್‌ನ ಕರೆದು ಕೇಳಿದ ಮೊದಲ ಪ್ರಶ್ನೆ, "ಸ್ನಾನ ಯಾವಾಗ ಮಾಡ್ಬೋದಮ್ಮ?" ಎದೆ ಸೀಳಿ ಎಲ್‌ವ್ಯಾಡ್ ಕೂರಿಸಿದಾರೆ, ಅಂದ್ರೆ ಸೋತ ಹೃದಯದ ಬದಲು ರಕ್ತ ತಳ್ಳೋ ಪಂಪು, ಹೊಟ್ಟೆಯಿಂದ ಒಂದು ವೈರ್ ಆಚೆ ಬಂದಿದೆ, ಸೊಂಟದಲ್ಲಿ ಪಂಪ್ ನಡೆಸೋ ಕಂಟ್ರೋಲರ್, ಎರಡೂ ಪಕ್ಕೆಗೆ ಒಂದೊಂದು ಬ್ಯಾಟರಿ, ಇಷ್ಟರ ಮಧ್ಯೆ ಈ ಮನುಷ್ಯನಿಗೆ ಸ್ನಾನದ ಚಿಂತೆ. 35 ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದೋರು, ಬೆಳಿಗ್ಗೆ ಐದೂವರೆಗೆ ಸ್ನಾನ ಆಗದೆ ಕಾಫಿ ಮುಟ್ಟಿದ್ದು ನಾನಂತೂ ನೋಡಿಲ್ಲ. ಸಿಸ್ಟರ್ ನಕ್ಕೊಂಡು "ಸದ್ಯಕ್ಕೆ ಮರ್ತ್ಬಿಡಿ ಅಂಕಲ್" ಅಂದ್ರು. ಅಪ್ಪ ನಗಲಿಲ್ಲ.

ಹಾಸನಕ್ಕೆ ವಾಪಸ್ ಬಂದು ಈಗ ಎರಡು ವರ್ಷ ಆಗ್ತಾ ಬಂತು. ಇಷ್ಟು ದಿನದಲ್ಲಿ ನಾವು ಒಂದಾದ್ಮೇಲೊಂದು ನಾಲ್ಕು ಥರದ ಸ್ನಾನ ಟ್ರೈ ಮಾಡಿದೀವಿ, ಎರಡು ಕಡೆ ಎಡವಿದೀವಿ, ಒಂದನ್ನ ಪೂರ್ತಿ ಕೈಬಿಟ್ಟಿದೀವಿ. ಆಸ್ಪತ್ರೆಯಲ್ಲಿ ಕೊಡೋ ಪುಸ್ತಕದಲ್ಲಿ ಇರೋದೆಲ್ಲ ಶವರ್ ಕಥೆ, ಗಾಜಿನ ಬಾಗಿಲು ಒಣಗಿದ ನೆಲ ಗೋಡೆಗೆ ಹಿಡಿಕೆ. ನಮ್ಮ ಮನೆಗಳಲ್ಲಿ ಬಚ್ಚಲು ಅಂದ್ರೆ ಇಡೀ ನೆಲ ಒದ್ದೆ, ಒಂದು ಬಕೆಟ್, ಒಂದು ಮಗ್, ಟ್ಯಾಂಕಲ್ಲಿ ನೀರು ಅರ್ಧ ಇದ್ರೆ ಶವರಿಂದ ಬರೋದು ಕಣ್ಣೀರಿನ ಥರ ನಾಲ್ಕು ಹನಿ. ಅದಕ್ಕೇ ನಮ್ಮ ಬಚ್ಚಲಿಗೆ ಯಾವ್ದು ಹೊಂದುತ್ತೆ ಅಂತ ಹೋಲಿಸಿ ಬರೀತಿದೀನಿ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನಿಮ್ಮ ಎಲ್‌ವ್ಯಾಡ್ ಕೋಆರ್ಡಿನೇಟರ್, ಅಂದ್ರೆ ಪಂಪ್ ಇರೋರನ್ನ ಆಸ್ಪತ್ರೆ ಕಡೆಯಿಂದ ನೋಡ್ಕೊಳೋರು, "ಬೇಡ" ಅಂದಿದ್ರೆ ನಾನು ಬರ್ದಿರೋದು ಲೆಕ್ಕಕ್ಕಿಲ್ಲ, ಕೆಲವು ಟೀಮ್‌ಗಳು ಶವರ್‌ಗೆ ಪರ್ಮಿಷನ್ನೇ ಕೊಡಲ್ಲ, ಅದಕ್ಕೆ ಅವರದ್ದೇ ಕಾರಣ ಇರುತ್ತೆ.

ಯಾವ ಸ್ನಾನ ಆದ್ರೂ ಮೂರು ಪ್ರಶ್ನೆ

ಅಪ್ಪನಿಗೆ ಹಾಕಿರೋದು ಹಾರ್ಟ್‌ಮೇಟ್ 3 ಅನ್ನೋ ಎಲ್‌ವ್ಯಾಡ್. ಪಂಪ್ ಸುಮಾರು 200 ಗ್ರಾಂ ತೂಕ, ಹೃದಯದ ಎಡ ಕೆಳಕೋಣೆಯ ತುದಿಗೆ ಕೂತಿದೆ, ನಿಮಿಷಕ್ಕೆ ಐದು ಸಾವಿರ ಚಿಲ್ಲರೆ ಸುತ್ತು ತಿರುಗ್ತಾ ರಕ್ತಾನ ಮಹಾಪಧಮನಿಗೆ ತಳ್ಳುತ್ತೆ. ಒಳಗಿನ ಪಂಪ್‌ಗೂ ಹೊರಗಿನ ಕಂಟ್ರೋಲರ್‌ಗೂ ಇರೋ ಸಂಬಂಧ ಅಂದ್ರೆ ಹೊಟ್ಟೆ ಚರ್ಮದಿಂದ ಆಚೆ ಬರೋ ಆ ಒಂದು ವೈರು, ಡ್ರೈವ್‌ಲೈನ್ ಅಂತಾರೆ. ಅದು ಆಚೆ ಬರೋ ತೂತು, ಎಕ್ಸಿಟ್ ಸೈಟು, ಯಾವತ್ತೂ ಪೂರ್ತಿ ಮುಚ್ಕೊಳಲ್ಲ, ಕಿವಿ ಚುಚ್ಚಿಸ್ಕೊಂಡು ಓಲೆ ಹಾಕಿದ್ಹಾಗೆ ಸುತ್ತ ಚರ್ಮ ಅಂಟ್ಕೊಳುತ್ತೆ ಅಷ್ಟೆ.

ಅಲ್ಲಿಗೆ ಸ್ನಾನದಲ್ಲಿ ಮೂರು ಕಡೆ ಕಣ್ಣಿಡಬೇಕು. ಆ ತೂತಿಗೆ ನೀರು ಹೋಯ್ತಾ? ಕಂಟ್ರೋಲರ್ರೋ ಬ್ಯಾಟರಿನೋ ನೆನೀತಾ, ಕೆಳಗೆ ಬಿತ್ತಾ, ವೈರ್ ಎಳೀತಾ? ಆಮೇಲೆ ಮನುಷ್ಯನಿಗೆ ತಲೆ ಸುತ್ತಿ ಜಾರಿ ಬಿದ್ರಾ? ಮೂರನೇದನ್ನ ಜನ ಹಗುರವಾಗಿ ತಗೋತಾರೆ. ರಕ್ತ ತೆಳು ಮಾಡೋ ಮಾತ್ರೆ, ವಾರ್ಫರಿನ್ನೋ ಅಸಿಟ್ರಾಮ್ಮೋ, ಇದ್ದೇ ಇರುತ್ತೆ, ರಕ್ತ ಎಷ್ಟು ನಿಧಾನ ಹೆಪ್ಪುಗಟ್ಟುತ್ತೆ ಅಂತ ತೋರಿಸೋ ಐಎನ್‌ಆರ್ 2ರಿಂದ 3ರ ಮಧ್ಯೆ ಇಟ್ಟಿರ್ತಾರೆ, ಅಂಥೋರು ಬಚ್ಚಲಲ್ಲಿ ಜಾರಿ ತಲೆ ತಗುಲಿಸ್ಕೊಂಡ್ರೆ "ಏನೂ ಆಗಿಲ್ಲ ಬಿಡು" ಅನ್ನೋ ಹಾಗಿಲ್ಲ, ನೋವಿಲ್ಲದಿದ್ರೂ ಫೋನ್ ಮಾಡ್ಲೇಬೇಕು.

ನಾನು ಯಾವ ಸ್ನಾನಕ್ಕೆ ಮಾರ್ಕ್ಸ್ ಕೊಟ್ರೂ ಈ ಮೂರರ ಮೇಲೆ ಕೊಡ್ತೀನಿ, ಅದರಲ್ಲೂ ಮೊದಲನೇದಕ್ಕೆ ಅರ್ಧ ಮಾರ್ಕ್ಸು. ಯಾಕಂದ್ರೆ ಬಿದ್ರೆ ಗೊತ್ತಾಗುತ್ತೆ, ಕಂಟ್ರೋಲರ್ ಕೈಕೊಟ್ರೆ ಅದೇ ಕಿರುಚ್ಕೊಳುತ್ತೆ, ಸೈಟ್‌ಗೆ ನೀರು ಹೋಗಿದ್ದು ಮಾತ್ರ ಆವತ್ತು ಗೊತ್ತಾಗಲ್ಲ. ನಾಲ್ಕೈದು ದಿನ ಬಿಟ್ಟು ಡ್ರೆಸಿಂಗ್ ಬಿಚ್ಚಿದಾಗ ಕೆಂಪು, ಕೀವು, ವಾಸನೆ. ಒದ್ದೆ ಜಾಗ ಅಂದ್ರೆ ಪ್ರಾಣ ಬಿಡೋ ಸ್ಯೂಡೋಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಇದೆ, ಚರ್ಮದ ಮೇಲೆ ಇರೋ ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಇದೆ, ವೈರ್ ಹಿಡ್ಕೊಂಡು ಒಳಗೆ ಹೋಗ್ಬಿಟ್ರೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ಕು, ಕೆಲವರಿಗೆ ಮತ್ತೆ ಆಪರೇಷನ್ನು.

ಒರೆಸೋ ಸ್ನಾನ

ಎಲ್ಲರೂ ಶುರು ಮಾಡೋದು ಇಲ್ಲಿಂದ್ಲೇ. ಮೊದಲ ಕೆಲವು ವಾರ ಬೇರೆ ಆಯ್ಕೆನೇ ಇರಲ್ಲ, ಎದೆ ಮೂಳೆ ಕೂಡಬೇಕು, ಸೈಟ್ ಒಣಗಬೇಕು. ಮಂಚದ ಮೇಲೆ ಅಥವಾ ಕೈ ಇರೋ ಕುರ್ಚಿ ಮೇಲೆ ಕೂರಿಸಿ, ಎರಡು ಬೇಸನ್, ಒಂದರಲ್ಲಿ ಸೋಪ್ ನೀರು ಇನ್ನೊಂದರಲ್ಲಿ ಬರೀ ನೀರು, ಮುಖದಿಂದ ಶುರು ಮಾಡಿ ಕೆಳಗೆ ಹೋಗೋದು, ಸೊಂಟದ ಕೆಳಗಿನದಕ್ಕೆ ಬೇರೆ ಬಟ್ಟೆ. ಮೂರು ಪ್ರಶ್ನೆಗೂ ಇದಕ್ಕೆ ಫುಲ್ ಮಾರ್ಕ್ಸ್. ಗೋಡೆ ಕರೆಂಟಿನ ಯೂನಿಟ್‌ಗೆ ಕನೆಕ್ಟ್ ಆಗಿದ್ರೂ ಮಂಚದ ಮೇಲೆ ಒರೆಸ್ಬೋದು, ನೀರು ಚೆಲ್ಲದ ಹಾಗೆ ನೋಡ್ಕೊಂಡ್ರೆ ಸಾಕು.

ಕಷ್ಟ ಇರೋದು ಎರಡು ಕಡೆ. ಒಂದು, ಬಟ್ಟೆ. ನಾವು ಮೊದಲು ತಂದಿದ್ದು ಚೆನ್ನಾಗಿರೋ ಸ್ಪಾಂಜು, ಅದು ದಿನವಿಡೀ ಒಣಗೋದೇ ಇಲ್ಲ, ಒಳಗೇ ಒದ್ದೆ ಕೂತಿರುತ್ತೆ, ಬಚ್ಚಲಲ್ಲಿ ನೇತಾಡೋ ನಾರಿನ ಬ್ರಷ್ಷೂ ಅಷ್ಟೇ. ಅಮ್ಮ ಎರಡೇ ದಿನಕ್ಕೆ ಅದನ್ನ ಎಸೆದು ಹಳೇ ಕಾಟನ್ ಪಂಚೆ ಹರಿದು ಚೌಕ ಚೌಕ ಮಾಡಿ, ಹದಿನಾಲ್ಕು ತುಂಡು, ಒಂದ್ಸಲ ಉಪಯೋಗಿಸಿದ್ದು ಬಿಸಿನೀರಲ್ಲಿ ಒಗೆದು ಬಿಸಿಲಿಗೆ. ಇದಕ್ಕಿಂತ ಒಳ್ಳೇದು ಅಂಗಡಿಲಿ ಸಿಗಲ್ಲ ಅನ್ನೋದು ನನ್ನ ಅಭಿಪ್ರಾಯ. ಮೆಡಿಕಲ್ ಶಾಪಲ್ಲಿ ಸಿಗೋ ತೊಳೀಬೇಕಾಗಿಲ್ಲದ ಬಾತ್ ವೈಪ್ಸ್ ಪ್ರಯಾಣಕ್ಕೆ ಚೆನ್ನ, ದಿನಾ ಅಂದ್ರೆ ದುಡ್ಡೂ ಜಾಸ್ತಿ, ಮೈ ಒಂಥರಾ ಜಿಗಿಜಿಗಿ.

ಎರಡನೇ ಕಷ್ಟ ಮನಸ್ಸಿನದು. ಅಪ್ಪನಿಗೆ ಒರೆಸ್ಕೊಂಡಿದ್ದು ಸ್ನಾನ ಅಂತ ಅನ್ನಿಸ್ಲೇ ಇಲ್ಲ. ಮೈಮೇಲೆ ನೀರು ಹರೀದೆ ದೇವರ ಮನೆಗೆ ಹೇಗೆ ಹೋಗೋದು ಅಂತ ಒಂದು ವಾರ ಬಾಗಿಲಲ್ಲೇ ನಿಂತು ಕೈಮುಗಿದ್ರು. ಆಮೇಲೆ ನಮ್ಮ ಪುರೋಹಿತರು ಮನೆಗೆ ಬಂದು ನೋಡಿ, ಕಾಯಿಲೆಯವರಿಗೆ ಅಂತಲೇ ಶಾಸ್ತ್ರದಲ್ಲಿ ಮಂತ್ರಸ್ನಾನ ಇದೆ, ಭಸ್ಮಸ್ನಾನ ಇದೆ, ಆಪೋಹಿಷ್ಠಾ ಹೇಳ್ಕೊಂಡು ನಾಲ್ಕು ಹನಿ ಪ್ರೋಕ್ಷಣೆ ಮಾಡ್ಕೊಂಡ್ರೆ ಮಡಿ ಆಯ್ತು ಅಂದ್ರು. ಡಾಕ್ಟರ್ ಹತ್ತು ಸಲ ಹೇಳಿದ್ದಕ್ಕಿಂತ ಅದೊಂದು ಮಾತು ಕೆಲಸ ಮಾಡ್ತು. ನಿಮ್ಮ ಮನೇಲೂ ಇಂಥ ಹಟ ಇದ್ರೆ ನೆನಪಿಟ್ಕೊಳಿ.

ಅರ್ಧ ಸ್ನಾನ

ನಾವು ಇಟ್ಕೊಂಡ ಹೆಸರು ಇದು. ಸೊಂಟದಿಂದ ಮೇಲೆ ಒರೆಸೋದು, ತೊಡೆಯಿಂದ ಕೆಳಗೆ ನೀರು ಹಾಕಿ ತೊಳಿಯೋದು, ತಲೆ ಬೇರೆ ದಿನ ಬೇರೆ ಥರ. ನನ್ನ ಕೇಳಿದ್ರೆ ನಮ್ಮ ಬಚ್ಚಲುಗಳಿಗೆ ಹೇಳಿ ಮಾಡಿಸಿದ್ದು ಇದೇ, ಎರಡು ವರ್ಷ ಆದ್ರೂ ವಾರದಲ್ಲಿ ಐದು ದಿನ ನಾವು ಮಾಡೋದು ಇದನ್ನೇ.

ಬಚ್ಚಲಲ್ಲಿ ಬೆನ್ನಿಗೆ ಆಸರೆ ಇರೋ ಪ್ಲಾಸ್ಟಿಕ್ ಕುರ್ಚಿ, ಕೆಳಗೆ ರಬ್ಬರ್ ಮ್ಯಾಟು. ಮಣೆ ಅಂತೂ ಬೇಡವೇ ಬೇಡ. ಅಷ್ಟು ಕೆಳಗೆ ಕೂತು ಏಳೋವಾಗ ಹೊಟ್ಟೆ ಮಡಚ್ಕೊಳುತ್ತೆ, ಎದೆ ಮೂಳೆ ಮೇಲೆ ಭಾರ ಬೀಳುತ್ತೆ, ಎದ್ದ ತಕ್ಷಣ ತಲೆ ಸುತ್ತುತ್ತೆ. ಅಪ್ಪ ಕುರ್ಚಿ ಮೇಲೆ ಕೂತ್ಕೋತಾರೆ, ಬ್ಯಾಟರಿ ಕಂಟ್ರೋಲರ್ ಎಲ್ಲಾ ಸ್ನಾನಕ್ಕೆ ಅಂತ ಕಂಪನಿಯವರು ಕೊಟ್ಟಿರೋ ಶವರ್ ಬ್ಯಾಗಲ್ಲಿ, ಬ್ಯಾಗ್ ಕತ್ತಿಂದ ಅಡ್ಡಕ್ಕೆ. ಬರೀ ಕಾಲಿಗೆ ನೀರು ಹಾಕೋದು, ಅದಕ್ಕೆ ಬ್ಯಾಗ್ ಯಾಕೆ ಅಂತ ಅನ್ನಿಸ್ಬೋದು, ಮಗ್ ಕೈ ಜಾರಿದ್ರೆ ನೀರು ಎಲ್ಲಿಗೆ ಚಿಮ್ಮುತ್ತೆ ಅಂತ ಹೇಳೋಕಾಗಲ್ಲ. ಮೊದಲು ಒಣ ಕೆಲಸ, ಅಂದ್ರೆ ಮೇಲೆ ಒರೆಸಿ ಒಣಗಿಸಿ ಬನಿಯನ್ ಹಾಕಿ ತೊಡೆ ಮೇಲೆ ಒಣ ಟವೆಲ್ ಹೊದಿಸಿ, ಆಮೇಲೆ ಕೆಳಗೆ ಮಗ್‌ನಲ್ಲಿ ನೀರು ಹಾಕೋದು. ಈ ಕ್ರಮ ಉಲ್ಟಾ ಆದ್ರೆ ಒದ್ದೆ ಕೈಯಲ್ಲಿ ಡ್ರೆಸಿಂಗ್ ಹತ್ರ ಹೋಗ್ತೀವಿ.

ತಲೆಗೆ ಸಲೂನಲ್ಲಿ ತೊಳೀತಾರಲ್ಲ ಹಾಗೆ, ಕುರ್ಚಿ ವಾಶ್‌ಬೇಸನ್‌ಗೆ ಬೆನ್ನು ಮಾಡಿ, ಕತ್ತಿನ ಕೆಳಗೆ ಟವೆಲ್ ಸುರುಳಿ, ಹಿಂದಕ್ಕೆ ವಾಲಿಸಿ. ಮುಂದಕ್ಕೆ ಬಗ್ಗಿ ತೊಳ್ಕೊಳೋದು ಬೇಡ, ಹೊಟ್ಟೆ ಮಡಚೋ ಜಾಗದಲ್ಲೇ ವೈರ್ ಇರೋದು.

ಇದರ ದೊಡ್ಡ ಲಾಭ ಅಂದ್ರೆ ಡ್ರೆಸಿಂಗ್ ನೆನೆಯಲ್ಲ, ಹಾಗಾಗಿ ಸ್ನಾನಕ್ಕೋಸ್ಕರ ಡ್ರೆಸಿಂಗ್ ಬದಲಾಯಿಸೋ ಪ್ರಮೇಯ ಇಲ್ಲ, ಕೋಆರ್ಡಿನೇಟರ್ ಹೇಳಿದ ದಿನಕ್ಕೆ ಮಾಡಿದ್ರೆ ಸಾಕು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತೆ, ಒಬ್ಬರೇ ಸಹಾಯಕ್ಕಿದ್ರೂ ನಡೆಯುತ್ತೆ. ಮೈಮೇಲೆ ಸ್ವಲ್ಪವಾದ್ರೂ ನೀರು ಹರೀತು ಅನ್ನೋ ಸಮಾಧಾನ ಅಪ್ಪನಿಗೆ.

ಬಕೆಟ್ ಸ್ನಾನ

ಮಗ್‌ನಲ್ಲಿ ಭುಜದ ಮೇಲಿಂದ ಸುರ್ಕೊಳೋ ನಮ್ಮ ಮಾಮೂಲಿ ಸ್ನಾನ. ಶವರ್‌ಗೆ ಪರ್ಮಿಷನ್ ಸಿಕ್ಕ ಮೇಲೆ ಜನ "ಶವರ್ ಆಗುತ್ತೆ ಅಂದ್ಮೇಲೆ ಬಕೆಟ್ ಆಗಲ್ವಾ" ಅಂತ ಅಂದ್ಕೋತಾರೆ, ನಾವೂ ಅಂದ್ಕೊಂಡಿದ್ವಿ. ಆದ್ರೆ ಎರಡೂ ಬೇರೆನೇ. ಕೈ ಶವರ್‌ನಿಂದ ನೀರು ಸಣ್ಣಗೆ, ನೀವು ತೋರಿಸಿದ ಕಡೆ ಬರುತ್ತೆ. ಒಂದು ಮಗ್ ನೀರು ಒಟ್ಟಿಗೆ ದಬಕ್ ಅಂತ ಬೀಳುತ್ತೆ, ಎದೆ ಮೇಲಿಂದ ಇಳಿದು ನೇರ ಡ್ರೆಸಿಂಗ್ ಮೇಲಿನ ಅಂಚಿಗೇ ಹೊಡೆಯುತ್ತೆ, ಅಂಚು ಎಲ್ಲಾದ್ರೂ ಒಂದೆಳೆ ಎದ್ದಿದ್ರೆ ಮುಗೀತು. ಅದೂ ಅಲ್ದೆ ಮಗ್ ಎತ್ತಿ ತಲೆ ಮೇಲೆ ಸುರ್ಕೊಳೋದು, ಬಗ್ಗಿ ಬಕೆಟ್‌ನಿಂದ ತುಂಬ್ಕೊಳೋದು, ತುಂಬಿದ ಬಕೆಟ್ ಎಳೆಯೋದು, ಮೂರೂ ಎದೆ ಮೂಳೆ ಕೂಡೋ ಮೊದಲ ತಿಂಗಳುಗಳಲ್ಲಿ ಮಾಡೋ ಹಾಗಿಲ್ಲದ ಕೆಲಸ. 20 ಲೀಟರ್ ಬಕೆಟ್ ಅಂದ್ರೆ 20 ಕೆಜಿ ತಾನೆ.

ಒಂದು ವಿಷಯದಲ್ಲಿ ಮಾತ್ರ ಬಕೆಟ್ಟೇ ಗೆಲ್ಲೋದು: ನೀರಿನ ಬಿಸಿ. ಮೊದಲೇ ಬೆರೆಸಿ ಮೊಣಕೈ ಅದ್ದಿ ನೋಡ್ಬೋದು, ಕೊನೇವರೆಗೂ ಅದೇ ಹದ. ಶವರಲ್ಲಿ ಪಕ್ಕದವರು ನಲ್ಲಿ ತಿರುಗಿಸಿದ್ರೆ ಗೀಸರ್ ನೀರು ಸುಡುತ್ತೆ. ಬಿಸಿ ಯಾಕೆ ಮುಖ್ಯ ಅಂದ್ರೆ, ಬಿಸಿನೀರು ಬಿದ್ರೆ ರಕ್ತನಾಳ ಹಿಗ್ಗುತ್ತೆ, ಬಿಪಿ ಇಳಿಯುತ್ತೆ, ನಮಗೆಲ್ಲ ಹೃದಯ ಜೋರಾಗಿ ಬಡ್ಕೊಂಡು ಸರಿಮಾಡ್ಕೊಳುತ್ತೆ, ಎಲ್‌ವ್ಯಾಡ್ ಇರೋರಿಗೆ ಪಂಪ್ ತನ್ನ ಸೆಟ್ ಮಾಡಿದ ಸ್ಪೀಡಲ್ಲೇ ತಿರುಗ್ತಿರುತ್ತೆ. ಮೈಯಲ್ಲಿ ನೀರಿನಂಶ ಕಮ್ಮಿ ಇದ್ರಂತೂ, ಯೂರಿನ್ ಮಾತ್ರೆ ನುಂಗಿ ನಾಲ್ಕು ಸಲ ಹೋಗಿ ಬಂದ ಮೇಲೆ ಬಿಸಿ ಸ್ನಾನ ಅಂದ್ರೆ, ಫ್ಲೋ, ಅಂದ್ರೆ ಪಂಪ್ ತಳ್ಳೋ ರಕ್ತದ ಹರಿವು, ಇಳಿದು ಅಲಾರಂ ಹೊಡ್ಕೊಳೋ ಸಾಧ್ಯತೆ ಇದೆ. ಹಾರ್ಟ್‌ಮೇಟ್ 3ರಲ್ಲಿ ಫ್ಲೋ ನಿಮಿಷಕ್ಕೆ 2.5 ಲೀಟರ್‌ಗಿಂತ ಕೆಳಗೆ ಹೋದ್ರೆ ಲೋ ಫ್ಲೋ ಅಲಾರಂ. ಮಲೆನಾಡಿನ ಕಡೆ ಹಂಡೆ ನೀರಿನ ಅಭ್ಯಾಸ ಇರೋರಿಗೆ ಇದನ್ನ ಒಪ್ಪಿಸೋದು ಕಷ್ಟ, ಬೆನ್ನು ಕೆಂಪಗಾಗದಿದ್ರೆ ಅವರಿಗೆ ಸ್ನಾನವೇ ಅಲ್ಲ. ಉಗುರು ಬೆಚ್ಚಗೆ ಅಷ್ಟೇ, ಅದಕ್ಕಿಂತ ಹೆಚ್ಚು ಬೇಡ.

ಮಗ್‌ನಲ್ಲಿ ಸುರಿಯೋ ಪೂರ್ತಿ ಸ್ನಾನನ ನಾವು ಒಂದೇ ಸಲ ಮಾಡಿ ಕೈಬಿಟ್ವಿ. ಬೆರೆಸೋಕೆ ಬಕೆಟ್ ಇಟ್ಕೊಂಡು, ಭುಜದ ಹಿಂದಿನಿಂದ ಬೆನ್ನಿಗೆ ಮಾತ್ರ ಸಣ್ಣ ಚೊಂಬಲ್ಲಿ ನಿಧಾನ ಬಿಡೋದು ಒಂದು ರಾಜಿ ದಾರಿ, ಅದೂ ಇನ್ನೊಬ್ಬರು ಹಾಕಬೇಕು.

ಕೈ ಶವರ್

ಇದಕ್ಕೆ ಆಸ್ಪತ್ರೆಯಿಂದ ಬಾಯ್ಮಾತಿನ ಪರ್ಮಿಷನ್ ಸಾಲದು, ಸೈಟ್ ನೋಡಿ ಹೇಳ್ಬೇಕು. ನಮಗೆ ಸಿಕ್ಕಿದ್ದು ಮೂರನೇ ತಿಂಗಳು, ಅದೂ ವಾರಕ್ಕೆ ಎರಡೇ ಸಲ. ತಲೆ ಮೇಲಿನ ಫಿಕ್ಸ್ ಶವರ್ ಬೇಡ, ನೀರು ಎಲ್ಲಿ ಬೀಳ್ಬೇಕು ಅನ್ನೋದು ನಿಮ್ಮ ಕೈಯಲ್ಲಿರಲ್ಲ. ಪೈಪ್ ಇರೋ ಕೈ ಶವರ್ ಹಾಕಿಸಿ, ಪ್ಲಂಬರ್‌ಗೆ ಅರ್ಧ ಗಂಟೆ ಕೆಲಸ.

ಶವರ್‌ಗೆ ಹೋಗೋ ಮುಂಚೆ ಗೋಡೆ ಕರೆಂಟಿನಿಂದ ಬಿಡಿಸಿ ಬ್ಯಾಟರಿಗೆ ಬರ್ಬೇಕು, ಇದರಲ್ಲಿ ಎರಡು ಮಾತಿಲ್ಲ. ಹೊಸ ಬ್ಯಾಟರಿ ಜೋಡಿ 17 ಗಂಟೆವರೆಗೂ ಬರುತ್ತೆ ನಿಜ, ಆದ್ರೂ ಕಮ್ಮಿ ಚಾರ್ಜ್ ಇದ್ರೆ ಹೊರಗಡೆನೇ ಬದಲಾಯಿಸ್ಕೊಂಡು ಹೋಗಿ, ಒಂದೊಂದಾಗಿ, ಎರಡನ್ನೂ ಒಟ್ಟಿಗೆ ತೆಗೀಬಾರ್ದು ಅಂತ ಟ್ರೈನಿಂಗಲ್ಲೇ ಹೇಳಿರ್ತಾರೆ. ಒದ್ದೆ ಕೈಯಲ್ಲಿ ಬಚ್ಚಲೊಳಗೆ ಬ್ಯಾಟರಿ ಬಿಚ್ಚೋ ಪರಿಸ್ಥಿತಿ ಬರ್ಲೇಬಾರ್ದು. ಕಂಟ್ರೋಲರ್ ಒಳಗೆ 15 ನಿಮಿಷದ ಎಮರ್ಜೆನ್ಸಿ ಬ್ಯಾಟರಿ ಇದೆ, ಅದು ಇರೋದು ಆಪತ್ತಿಗೆ, ನಮ್ಮ ಸೋಮಾರಿತನಕ್ಕಲ್ಲ. ಕಂಟ್ರೋಲರ್ ಮೇಲಿನ ನಂಬರ್‌ಗಳನ್ನ ಒಂದ್ಸಲ ನೋಡಿ ಬರ್ಕೊಂಡು ಹೋಗ್ತೀವಿ, ಬಂದ್ಮೇಲೆ ಹೋಲಿಸೋಕೆ. ಎಲ್‌ವ್ಯಾಡ್ ಇರೋರಿಗೆ ನಾಡಿ ಸಿಗೋದೇ ಕಷ್ಟ, ಮನೆ ಬಿಪಿ ಮಿಷನ್ ಎಷ್ಟೋ ಸಲ ಎರರ್ ತೋರಿಸುತ್ತೆ, ಹಾಗಾಗಿ ಈ ನಂಬರ್‌ಗಳೇ ನಮಗೆ ಕನ್ನಡಿ.

ಬ್ಯಾಗ್ ವಿಷಯ. ಕಂಪನಿ ಶವರ್ ಬ್ಯಾಗಾ, ಮನೇಲೇ ಪ್ಲಾಸ್ಟಿಕ್ ಕವರ್ ಸುತ್ತೋದಾ ಅಂತ ಕೇಳಿದ್ರೆ ನನ್ನ ಉತ್ತರ ಒಂದೇ, ಕಂಪನಿದು, ನಿಮ್ಮ ಪಂಪ್‌ನದ್ದೇ. ಮಾರ್ಕೆಟಿಂದ 2021ರಲ್ಲಿ ನಿಂತುಹೋದ ಹಾರ್ಟ್‌ವೇರ್ ಎಚ್‌ವ್ಯಾಡ್ ಈಗಲೂ ಕೆಲವರ ಎದೆಯಲ್ಲಿ ಕೆಲಸ ಮಾಡ್ತಿದೆ, ಅವರ ಬ್ಯಾಗ್ ಬೇರೆ, ನಮ್ಮದು ಬೇರೆ, ಕಂಟ್ರೋಲರ್ ಆಕಾರನೇ ಬೇರೆ. ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ರೆ ವೈರ್ ಆಚೆ ಬರೋ ಜಾಗದಲ್ಲಿ ಸಂದಿ ಉಳಿದೇ ಉಳಿಯುತ್ತೆ, ಮೇಲಾಗಿ ತೂಕ ಹೊರೋಕೆ ಪಟ್ಟಿ ಇರಲ್ಲ, ಜಾರುತ್ತೆ.

ಜಾರೋದು ಅಂದ್ನಲ್ಲ, ನಮ್ಮ ಮೊದಲ ಎಡವಟ್ಟು ಅದೇ. ಬ್ಯಾಗೇನೋ ಕಂಪನಿದೇ, ಪಟ್ಟಿ ಕತ್ತಿಗೆ ಉಜ್ಜುತ್ತೆ ಅಂತ ಅಪ್ಪ ಅದನ್ನ ತೆಗೆದು ನಲ್ಲಿಗೆ ನೇತುಹಾಕಿದಾರೆ, ನಾವು ಹೊರಗೆ. ಸೋಪು ಕೆಳಗೆ ಬಿದ್ದಿದೆ, ಎತ್ಕೊಳಕ್ಕೆ ಅಂತ ಎದ್ದು ಎರಡು ಹೆಜ್ಜೆ. ವೈರ್ ಬಿಗೀತು. "ಹಾ" ಅಂದ ಶಬ್ದಕ್ಕೆ ಅಮ್ಮ ಓಡಿ ಹೋಗಿ ಬ್ಯಾಗ್ ಹಿಡ್ಕೊಂಡ್ರು. ಪಂಪ್‌ಗೇನೂ ಆಗ್ಲಿಲ್ಲ, ಹೊಟ್ಟೆ ಮೇಲೆ ವೈರ್ ಹಿಡಿದಿಟ್ಟಿದ್ದ ಅಂಟಿನ ಆ್ಯಂಕರ್ ಅರ್ಧ ಕಿತ್ಕೊಂಡು ಬಂದಿತ್ತು, ಡ್ರೆಸಿಂಗ್ ಮೇಲೆ ಒಂದು ಬಟ್ಟು ರಕ್ತ. ಮೂರು ದಿನಕ್ಕೆ ಸುತ್ತ ಕೆಂಪು, ಬೆಂಗಳೂರಿಗೆ ಓಡಿದ್ವಿ, ಸ್ವಾಬ್ ತಗೊಂಡ್ರು, ಎರಡು ವಾರ ಮಾತ್ರೆ. ಆವತ್ತಿಂದ ಬ್ಯಾಗ್ ಮೈಮೇಲೇ, ಪಟ್ಟಿ ಕೆಳಗೆ ಮಡಿಸಿದ ಕರ್ಚೀಫ್. ನಲ್ಲಿ, ಮೊಳೆ, ಕುರ್ಚಿ ಬೆನ್ನು, ಎಲ್ಲೂ ನೇತುಹಾಕೋ ಹಾಗಿಲ್ಲ.

ಇನ್ನೊಂದು ಸೂಕ್ಷ್ಮ, ಇದನ್ನ ಯಾರೂ ಹೇಳಿಕೊಟ್ಟಿರ್ಲಿಲ್ಲ, ನೋಡಿ ಕಲಿತಿದ್ದು. ನೀರು ವೈರ್ ಹಿಡ್ಕೊಂಡು ಹರಿಯುತ್ತೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸೋ ತಂತಿ ಮೇಲೆ ಹನಿಗಳು ತಗ್ಗಿನ ಕಡೆಗೆ ಸಾಲಾಗಿ ಓಡೋದು ನೋಡಿದೀರಲ್ಲ, ಹಾಗೆ. ಬ್ಯಾಗ್ ಎದೆ ಮೇಲಿದ್ದು ಸೈಟ್ ಕೆಳಗಿದ್ರೆ ಬ್ಯಾಗ್ ಮೇಲೆ ಬಿದ್ದ ನೀರೆಲ್ಲ ವೈರ್ ಮೇಲೆ ಜಾರಿ ನೇರ ಡ್ರೆಸಿಂಗ್‌ಗೆ ಬಂದು ಸೇರುತ್ತೆ. ಬ್ಯಾಗ್ ಸೊಂಟದ ಪಕ್ಕಕ್ಕೆ ಇಳಿಸಿ, ವೈರ್ ಆ್ಯಂಕರ್‌ನಿಂದ ಹೊರಟು ಒಂದು ಸುತ್ತು ಕೆಳಗೆ ಬಾಗಿ ಆಮೇಲೆ ಬ್ಯಾಗಿಗೆ ಹೋಗೋ ಹಾಗೆ ಬಿಟ್ರೆ ಹನಿ ಆ ಬಾಗಿನ ತಗ್ಗಲ್ಲೇ ಕೆಳಗೆ ತೊಟ್ಟಿಕ್ಕುತ್ತೆ. ಬ್ಯಾಗಿನ ಭಾರ ಮಾತ್ರ ವೈರ್ ಮೇಲೆ ಬೀಳ್ಬಾರ್ದು, ಪಟ್ಟಿ ಮೇಲೇ ಇರ್ಬೇಕು.

ಡ್ರೆಸಿಂಗ್ ಮುಚ್ಚೋಕೆ ನಾವು ಮೊದಲು ಅಡುಗೆ ಮನೆ ಕ್ಲಿಂಗ್ ರ‍್ಯಾಪ್ ಹಾಕಿ ಸುತ್ತ ಟೇಪ್ ಅಂಟಿಸಿದ್ವಿ, ಇದು ಎರಡನೇ ಎಡವಟ್ಟು. ಮೇಲಿನ ಅಂಚಿಂದ ಒಳಗೆ ಹೋದ ನೀರು ಕೆಳಗಿನ ಅಂಚಲ್ಲಿ ಆಚೆ ಬರೋಕಾಗದೆ ಒಳಗೇ ಕೆರೆ ಕಟ್ಟಿತ್ತು, ಏನೂ ಮುಚ್ಚದಿದ್ರೇ ಇದಕ್ಕಿಂತ ಒಣಗಿರ್ತಿತ್ತೇನೋ. ಚರ್ಮಕ್ಕೆ ಪೂರ್ತಿ ಅಂಟೋ ದೊಡ್ಡ ಪಾರದರ್ಶಕ ಫಿಲ್ಮ್, ಟೆಗಾಡರ್ಮ್ ಥರದ್ದು, ಎಷ್ಟೋ ವಾಸಿ, ದುಡ್ಡು ಜಾಸ್ತಿ, ವೈರ್ ಆಚೆ ಬರೋ ಜಾಗದಲ್ಲಿ ಎರಡು ಕಡೆಯಿಂದ ಚಿವುಟಿ ಅಂಟಿಸ್ಬೇಕು. ಯಾವ್ದು ಹಾಕ್ಬೇಕು ಅಂತ ಕೋಆರ್ಡಿನೇಟರ್ ಹತ್ರ ಒಂದ್ಸಲ ಅಂಟಿಸಿ ತೋರಿಸ್ಕೊಂಡು ಬನ್ನಿ, ಫೋಟೋ ತೆಗ್ದು ಇಟ್ಕೊಳಿ. ಏನೇ ಹಾಕಿದ್ರೂ ಶವರ್‌ನ ಹೊಟ್ಟೆ ಕಡೆ ತಿರುಗಿಸ್ಬೇಡಿ, ಬೆನ್ನಿಗೆ, ಕಾಲಿಗೆ, ಕೈಗೆ ಅಷ್ಟೇ.

ಶವರ್ ಹತ್ತೇ ನಿಮಿಷ, ಅದರ ಹಿಂದೆ ಮುಂದೆ ಮುಕ್ಕಾಲು ಗಂಟೆ. ಆಚೆ ಬಂದು ಒರೆಸ್ಕೊಂಡು ಕೂತ ತಕ್ಷಣ ಡ್ರೆಸಿಂಗ್ ಬದಲಾಯಿಸ್ಲೇಬೇಕು, ಒಣಗಿದ ಹಾಗೆ ಕಂಡ್ರೂ ಸರಿ. ಅಮ್ಮ ಮಾಸ್ಕು, ಕ್ಯಾಪು, ಸ್ಟೆರೈಲ್ ಗ್ಲೌಸು, ಅಪ್ಪನಿಗೂ ಮಾಸ್ಕು, ಫ್ಯಾನ್ ಆಫ್, ಬಾಗಿಲು ಹಾಕಿ. ಅಂದ್ರೆ ಒಂದು ಶವರ್‌ಗೆ ಒಂದು ಕಿಟ್ ಖರ್ಚು, ಈ ಲೆಕ್ಕನ ಶುರುವಲ್ಲೇ ಹಾಕಿ. ಮೊದಲೇ ಕೋಟಿ ರೂಪಾಯಿ ಲೆಕ್ಕದ ಚಿಕಿತ್ಸೆ ಇದು, ಕಿಟ್ ಉಳಿಸೋಕೆ ಅಂತ "ಇವತ್ತು ನೆನೆದಿಲ್ಲ ಬಿಡು" ಅಂತ ಬಿಟ್ಟವರು ಕೊನೆಗೆ ಆಸ್ಪತ್ರೆಗೆ ಕಟ್ಟೋದೇ ಜಾಸ್ತಿ. ಕಿಟ್ ಖರ್ಚು ಕಷ್ಟ ಅನ್ನೋರಿಗೆ ಅರ್ಧ ಸ್ನಾನನೇ ಸರಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಟಬ್, ಕೆರೆ, ಹೊಳೆ, ಸ್ವಿಮ್ಮಿಂಗ್ ಪೂಲ್

ಇಲ್ಲ. ಮುಳುಗೋ ಯಾವ ಸ್ನಾನನೂ ಇಲ್ಲ, ಸೊಂಟದವರೆಗಿನ ನೀರೂ ಇಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದ್ರೂ ಧರ್ಮಸ್ಥಳದಲ್ಲಿ ನೇತ್ರಾವತಿಗೆ ಇಳಿದ್ರೂ ತಲೆಗೆ ಪ್ರೋಕ್ಷಣೆ ಅಷ್ಟೇ, ಮೆಟ್ಟಿಲ ಮೇಲೂ ಪಾಚಿ, ಹುಷಾರು.

ವೈರ್ ಇರೋದ್ರಿಂದ ತಾನೆ ಇಷ್ಟೆಲ್ಲ ಅಂತ ಅಪ್ಪ ಒಂದಿನ ಕೇಳಿದ್ರು, ವೈರೇ ಇಲ್ಲದ್ದು ಇಲ್ವಾ ಅಂತ. ಹುಡುಕಿ ನೋಡ್ದೆ. 2000ನೇ ಇಸವಿಯಲ್ಲೇ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಪೀಟರ್ ಹೌಟನ್ ಅನ್ನೋರಿಗೆ ಜಾರ್ವಿಕ್ 2000 ಅನ್ನೋ ಪಂಪ್ ಹಾಕಿ, ವೈರ್‌ನ ಹೊಟ್ಟೆ ಬದಲು ಕಿವಿ ಹಿಂದೆ ತಲೆಬುರುಡೆಗೆ ಕೂರಿಸಿದ ಒಂದು ಪ್ಲಗ್‌ನಿಂದ ಆಚೆ ತಂದಿದ್ರು, ಅವರು 7 ವರ್ಷಕ್ಕೂ ಹೆಚ್ಚು ಬದುಕಿದ್ರು. 2018ರ ಕೊನೇಲಿ ಕಜಕಿಸ್ತಾನದ ಅಸ್ತಾನಾದಲ್ಲಿ ಇಬ್ಬರಿಗೆ ಚರ್ಮದ ಮೂಲಕವೇ ವೈರ್‌ಲೆಸ್ ಆಗಿ ಕರೆಂಟ್ ಹೋಗೋ ಥರದ್ದನ್ನ ಹಾಕಿದಾರೆ, ದಿನದಲ್ಲಿ ಕೆಲವು ಗಂಟೆ ಮೈಮೇಲೆ ಏನೂ ಇಲ್ಲದೆ ಓಡಾಡ್ಬೋದು. ಇದನ್ನ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, "ಹಾಗಾದ್ರೆ ಅವರು ಸರಿಯಾಗಿ ಸ್ನಾನ ಮಾಡಿರ್ತಾರೆ" ಅಂದ್ರು.

ಎಣ್ಣೆ, ಅರಿಶಿನ, ಪೌಡರ್

ಪಾಶ್ಚಾತ್ಯರ ಪುಸ್ತಕದಲ್ಲಿ ಇಲ್ಲದ ಅಧ್ಯಾಯ ಇದು. ಎಣ್ಣೆ ಸ್ನಾನ ಅಂದ್ರೆ ಎರಡು ತೊಂದರೆ, ನೆಲ ಜಾರುತ್ತೆ, ಡ್ರೆಸಿಂಗ್ ಅಂಟು ಬಿಟ್ಕೊಳುತ್ತೆ, ಆ್ಯಂಕರ್ರೂ ಬಿಟ್ಕೊಳುತ್ತೆ. ಕಳೆದ ದೀಪಾವಳಿ ನೀರು ತುಂಬೋ ಹಬ್ಬಕ್ಕೆ ಅಮ್ಮ ಯಥಾಪ್ರಕಾರ ಹಂಡೆ ತೊಳೆದು ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು ಪೂಜೆ ಮಾಡಿದ್ರು, ಬೆಳಗಿನ ಜಾವ ಅಪ್ಪನ್ನ ಮಣೆ ಬದಲು ಕುರ್ಚಿ ಮೇಲೆ ಕೂರಿಸಿ ಗರಿಕೆಯಲ್ಲಿ ನೆತ್ತಿಗೆ ಮೂರು ಹನಿ ಎಣ್ಣೆ ಮುಟ್ಟಿಸಿ ಆರತಿ ಎತ್ತಿದ್ರು, ಎಣ್ಣೆ ಶಾಸ್ತ್ರ ಮುಗೀತು, ಆಮೇಲೆ ವಾಶ್‌ಬೇಸನ್ ಹತ್ರ ತಲೆ ತೊಳೆದು ಅರ್ಧ ಸ್ನಾನ. ನೆತ್ತಿಗೆ ಅಷ್ಟು ಸಾಕು, ಮೈಗೆ ಬೇಡ.

ಸೈಟ್ ಸುತ್ತ ಅರಿಶಿನ ಹಚ್ಚಿ ಬೇಗ ಮಾಯುತ್ತೆ ಅಂತ ನಮ್ಮ ಸೋದರತ್ತೆ ಹೇಳಿದ್ರು, ಹಿರಿಯರು, ಪ್ರೀತಿಗೆ ಹೇಳಿದ್ದು, ಆದ್ರೂ ಹಚ್ಚಲಿಲ್ಲ. ಅಡುಗೆ ಅರಿಶಿನ ಸ್ಟೆರೈಲ್ ಅಲ್ಲ. ಸ್ನಾನ ಆದ್ಮೇಲೆ ಕತ್ತಿಂದ ಹೊಟ್ಟೆವರೆಗೆ ಪೌಡರ್ ಹಾಕ್ಕೊಳೋ ಅಭ್ಯಾಸ, ವಿಭೂತಿ, ಮೈಗೆ ಕ್ರೀಮು, ಎಲ್ಲಾ ಎದೆಗೇ ನಿಲ್ಲಬೇಕು. ಸೈಟ್‌ಗೆ ಆಸ್ಪತ್ರೆ ಕೊಟ್ಟಿದ್ದು ಬಿಟ್ಟು ಬೇರೇನೂ ಇಲ್ಲ.

ಹಾಗಾದ್ರೆ ಯಾರಿಗೆ ಯಾವ್ದು

ಡಿಸ್ಚಾರ್ಜ್ ಆಗಿ ಎರಡು ತಿಂಗಳೊಳಗೆ ಇರೋರು ಒರೆಸ್ಕೊಂಡೇ ಇರಿ, ಅರ್ಜೆಂಟ್ ಮಾಡ್ಬೇಡಿ. ಸೈಟ್ ಒಣಗಿದೆ, ಎದ್ದು ಓಡಾಡ್ತಾರೆ, ಆದ್ರೆ ಮನೇಲಿ ಡ್ರೆಸಿಂಗ್ ಮಾಡೋರು ಒಬ್ಬರೇ, ಅವರೂ ಕೆಲಸಕ್ಕೆ ಹೋಗ್ತಾರೆ ಅಂದ್ರೆ ಅರ್ಧ ಸ್ನಾನ. ಸೈಟಲ್ಲಿ ಒಂದ್ಸಲ ಇನ್‌ಫೆಕ್ಷನ್ ಆಗಿ ಹೋಗಿರೋರಿಗೂ ನಾನು ಅದನ್ನೇ ಹೇಳೋದು, ಶವರ್ ಪರ್ಮಿಷನ್ ಮತ್ತೆ ಕೇಳಿ ತಗೊಳಿ, ಹಳೇ ಪರ್ಮಿಷನ್ ಆವತ್ತಿಗೇ ಮುಗೀತು. ಆರೋಗ್ಯ ಗಟ್ಟಿ, ಬಚ್ಚಲಲ್ಲಿ ಹಿಡ್ಕೊಳೋಕೆ ಕಂಬಿ ಹಾಕಿಸಿದೀರಿ, ಟ್ರೈನಿಂಗ್ ಆದವರು ಬಾಗಿಲ ಹತ್ರ ಇರ್ತಾರೆ, ಕಿಟ್ ಸ್ಟಾಕ್ ಇದೆ, ಇಂಥೋರಿಗೆ ವಾರಕ್ಕೆ ಒಂದೋ ಎರಡೋ ಕೈ ಶವರ್. ಅಂಗದಾನ ನೋಡ್ಕೊಳೋ ಜೀವಸಾರ್ಥಕತೆಯ ಲಿಸ್ಟಲ್ಲಿ ಹೃದಯಕ್ಕೆ ಕಾಯ್ತಿರೋರು ಇನ್ನೂ ಒಂದು ಹೆಜ್ಜೆ ಹಿಂದೆ ಇರೋದೇ ಒಳ್ಳೇದು, ಫೋನ್ ಬಂದ ದಿನ ಇನ್‌ಫೆಕ್ಷನ್ ಇದ್ರೆ ಅವಕಾಶ ಕೈತಪ್ಪಬಹುದು.

ಯಾವ್ದು ಮಾಡಿದ್ರೂ ಬಚ್ಚಲ ಚಿಲಕ ಹಾಕಂಗಿಲ್ಲ. ನಮ್ಮಲ್ಲಿ ಇದಕ್ಕೇ ದೊಡ್ಡ ಜಗಳ ಆಯ್ತು, ಮಗಳು ಹೊರಗಿದ್ದಾಳೆ ಅಂತ ಅಪ್ಪನಿಗೆ ಸಂಕೋಚ. ಕೊನೆಗೆ ಚಿಲಕನೇ ಬಿಚ್ಚಿಸಿ ಒಳಗೊಂದು ಪರದೆ ಕಟ್ಟಿಸಿದ್ವಿ, ಅಮ್ಮ ಪರದೆ ಒಳಗೆ, ನಾನು ಬಾಗಿಲಾಚೆ ಕುರ್ಚಿಲಿ. ಎಕ್ಸಾಸ್ಟ್ ಫ್ಯಾನ್ ಆಫ್, ರೇಡಿಯೋ ಆಫ್, ಯಾಕಂದ್ರೆ ನೀರಿನ ಶಬ್ದದಲ್ಲಿ ಬ್ಯಾಗ್ ಒಳಗಿನ ಅಲಾರಂ ಕೇಳ್ಬೇಕಲ್ಲ. ವಾಟರ್ ಹೀಟರ್ ಕಾಯಿಲ್ ಬಕೆಟಲ್ಲಿಟ್ಟು ನೀರು ಕಾಯಿಸೋ ಮನೆಗಳಲ್ಲಿ ಅದನ್ನ ಪ್ಲಗ್‌ನಿಂದ ತೆಗೆದು ಬಚ್ಚಲಿಂದ ಆಚೆ ಇಟ್ಟ ಮೇಲೇ ಒಳಗೆ ಕರ್ಕೊಂಡು ಹೋಗಿ, ಗೀಸರ್‌ಗೆ ಅರ್ತಿಂಗ್ ಸರಿ ಇದ್ಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ತೋರಿಸಿ. ತಿಂಡಿಗೆ ಮುಂಚೆ ಬರಿ ಹೊಟ್ಟೇಲಿ ಬೇಡ. ಸ್ನಾನ ಆದ್ಮೇಲೆ ಅದೇ ಕುರ್ಚಿಲಿ ಐದು ನಿಮಿಷ ಕೂತು, ಕಾಲು ಆಡಿಸಿ, ಆಮೇಲೆ ಏಳೋದು.

ಊರಿಂದಾಚೆ ಹೋದಾಗ ನಾವು ಯೋಚನೆನೇ ಮಾಡಲ್ಲ. ಫೆಬ್ರವರಿಲಿ ಅಣ್ಣನ ಮಗಳ ಮದುವೆ, ಚೌಲ್ಟ್ರಿ ಬಾತ್‌ರೂಮಿಗೆ ಹೋಗಿ ನೋಡ್ದೆ, ನೆಲದಲ್ಲಿ ಪಾಚಿ, ಸ್ವಿಚ್‌ಬೋರ್ಡ್ ಶವರ್ ಪಕ್ಕದಲ್ಲೇ, ಬಕೆಟಲ್ಲಿ ಯಾರೋ ಬಿಟ್ಟೋದ ನೀರು. ಅಮ್ಮ ಬ್ಯಾಗಿಂದ ಪಂಚೆ ತುಂಡು ಆಚೆ ತೆಗೆದ್ರು, ಅಪ್ಪ ಕುರ್ಚಿ ಎಳ್ಕೊಂಡು ಕೂತು ತಾವೇ ಆಪೋಹಿಷ್ಠಾ ಶುರು ಮಾಡಿದ್ರು.